ಭಕ್ತ ಪ್ರಹ್ಲಾದ ಚಿತ್ರಗಳ ಬಾಲಕಲಾವಿದರು

ಭಕ್ತ ಪ್ರಹ್ಲಾದ ಚಿತ್ರಗಳ ಬಾಲಕಲಾವಿದರು ಎಂದರೆ ಪ್ರಹ್ಲಾದನ ಪುರಾಣಕಥೆಯನ್ನು ಆಧರಿಸಿದ ಕನ್ನಡ ಹಾಗೂ ತೆಲುಗು ಚಲನಚಿತ್ರಗಳಲ್ಲಿ ಎಳೆಯ ವಯಸ್ಸಿನಲ್ಲಿ ಅಭಿನಯಿಸಿ, ಮುಂದೆ ಬೇರೆ ಬೇರೆ ದಾರಿಗಳಲ್ಲಿ ಬೆಳೆದ ನಟನಟಿಯರು. ರಾಜಕುಮಾರ್ (1942), ಲೋಕೇಶ್ (1958), ರೋಜಾರಮಣಿ (1967, ತೆಲುಗು) ಮತ್ತು ಪುನೀತ್ ರಾಜಕುಮಾರ್ (1983) ಇವರಲ್ಲಿ ಪ್ರಮುಖರು. ಇವರಲ್ಲಿ ರೋಜಾರಮಣಿ ಮತ್ತು ಪುನೀತ್ ಪ್ರಹ್ಲಾದನ ಪಾತ್ರದಿಂದಲೇ ಮನೆಮಾತಾದರು. ರಾಜಕುಮಾರ್ ಅವರಿಗೆ ದೊರೆತದ್ದು ಒಂದು ಕಿರುಪಾತ್ರ. ಲೋಕೇಶ್ ಅವರಿಗೆ ಅದೇ ಹೆಸರಿನ ಚಿತ್ರ ಬೆಳ್ಳಿತೆರೆಯ ಪ್ರವೇಶವಾಯಿತು. ಬಾಲ್ಯದಲ್ಲಿ ಹೆಸರು ಮಾಡಿದ ಕಲಾವಿದರು ದೊಡ್ಡವರಾದ ಮೇಲೆ ಮರೆಯಾಗುವುದು ಚಿತ್ರರಂಗದಲ್ಲಿ ಸಾಮಾನ್ಯ. ಈ ನಾಲ್ವರೂ ಅದಕ್ಕೆ ಅಪವಾದವಾಗಿದ್ದಾರೆ.

## ಕಥೆ ಮತ್ತು ಹಬ್ಬದ ಹಿನ್ನೆಲೆ

ಪ್ರಹ್ಲಾದನ ಕಥೆ ಭಾಗವತ ಪುರಾಣದ ಏಳನೆಯ ಸ್ಕಂಧದಲ್ಲಿಯೂ ವಿಷ್ಣುಪುರಾಣದಲ್ಲಿಯೂ ಬರುತ್ತದೆ. ಅಸುರರಾಜ ಹಿರಣ್ಯಕಶಿಪು ಮತ್ತು ಕಯಾಧುವಿನ ಮಗನಾದ ಪ್ರಹ್ಲಾದನು ತಂದೆಯ ಆಜ್ಞೆಯನ್ನು ಮೀರಿ ಹರಿಭಕ್ತಿಯಲ್ಲಿ ನೆಲೆನಿಲ್ಲುತ್ತಾನೆ. ಗುರುಗಳಾದ ಶಂಡ ಮತ್ತು ಅಮರ್ಕರ ಪಾಠ, ವಿಷ, ಆನೆಯ ತುಳಿತ, ಬೆಟ್ಟದ ಮೇಲಿನಿಂದ ತಳ್ಳುವಿಕೆ ಯಾವುದೂ ಅವನನ್ನು ಅಲುಗಿಸುವುದಿಲ್ಲ. ಕೊನೆಗೆ ಸಂಧ್ಯಾಕಾಲದಲ್ಲಿ ಕಂಬದಿಂದ ನರಸಿಂಹನು ಪ್ರಕಟವಾಗುತ್ತಾನೆ. ವೈಶಾಖ ಶುದ್ಧ ಚತುರ್ದಶಿಯಂದು ಆಚರಿಸುವ ನರಸಿಂಹ ಜಯಂತಿಯ ಪೂಜೆಯನ್ನು ಸಂಜೆಯ ಹೊತ್ತಿಗೆ ನಡೆಸುವುದು ಈ ಕಾರಣದಿಂದಲೇ. ಉತ್ತರ ಭಾರತದಲ್ಲಿ ಹೋಳಿಹಬ್ಬಕ್ಕೂ ಪ್ರಹ್ಲಾದನ ಸೋದರತ್ತೆ ಹೋಲಿಕೆಯ ಕಥೆಗೂ ನಂಟಿದೆ. ಕರ್ನಾಟಕದಲ್ಲಿ ಹೋಳಿಯು ಹೆಚ್ಚಾಗಿ ಕಾಮದಹನದ ಹಬ್ಬವಾಗಿರುವುದರಿಂದ, ಇಲ್ಲಿ ಪ್ರಹ್ಲಾದನ ನೆನಪು ನರಸಿಂಹ ಕ್ಷೇತ್ರಗಳೊಂದಿಗೆ ಬೆಸೆದುಕೊಂಡಿದೆ.

ತುಮಕೂರು ಜಿಲ್ಲೆಯಲ್ಲಿ ಇಂತಹ ಎರಡು ಹೆಸರಾಂತ ಕ್ಷೇತ್ರಗಳಿವೆ. ದೇವರಾಯನದುರ್ಗದಲ್ಲಿ ಬೆಟ್ಟದ ತಪ್ಪಲಿನಲ್ಲಿ ಭೋಗನರಸಿಂಹನ ಗುಡಿಯೂ ಮೇಲೆ ಯೋಗನರಸಿಂಹನ ಗುಡಿಯೂ ಇವೆ. ತುಮಕೂರಿನಿಂದ ಶಿರಾಕ್ಕೆ ಹೋಗುವ ಹಾದಿಯಲ್ಲಿರುವ ಸೀಬಿಯ ನರಸಿಂಹ ದೇವಾಲಯವು ತನ್ನ ಭಿತ್ತಿಚಿತ್ರಗಳಿಗೆ ಪ್ರಸಿದ್ಧವಾಗಿದೆ. ಕೊರಟಗೆರೆ, ಮಧುಗಿರಿ, ಶಿರಾ ಸೀಮೆಯ ಜನರಿಗೆ ಎರಡೂ ಹತ್ತಿರದ ಯಾತ್ರಾಸ್ಥಳಗಳು.

ಕನ್ನಡನಾಡಿನಲ್ಲಿ ಪ್ರಹ್ಲಾದನಿಗೆ ಇನ್ನೊಂದು ಸ್ಥಾನವೂ ಉಂಟು. ಮಾಧ್ವ ಪರಂಪರೆಯ ನಂಬಿಕೆಯಂತೆ ಪ್ರಹ್ಲಾದನೇ ಮುಂದೆ ವ್ಯಾಸರಾಯರಾಗಿಯೂ ಮಂತ್ರಾಲಯದ ರಾಘವೇಂದ್ರ ತೀರ್ಥರಾಗಿಯೂ ಅವತರಿಸಿದನು. ಆದ್ದರಿಂದ ಮಕ್ಕಳ ಕಥೆಯಾಗಿ ಕೇಳಿದ ಪ್ರಹ್ಲಾದನು ರಾಯರ ಭಕ್ತರ ಮನೆಗಳಲ್ಲಿ ನಿತ್ಯಪೂಜೆಯ ಭಾಗವೂ ಆಗಿದ್ದಾನೆ.

## ರಂಗಭೂಮಿಯಿಂದ ಬೆಳ್ಳಿತೆರೆಗೆ

ಚಲನಚಿತ್ರಗಳು ಬರುವ ಮುನ್ನ ಪ್ರಹ್ಲಾದನ ಕಥೆಯನ್ನು ಊರೂರಿಗೆ ಮುಟ್ಟಿಸಿದವು ಬಯಲಾಟಗಳು, ಹರಿಕಥೆಗಳು ಮತ್ತು ವೃತ್ತಿ ನಾಟಕ ಕಂಪನಿಗಳು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನ ಅತಿ ದೊಡ್ಡ ಕಂಪನಿಗಳಲ್ಲಿ ಒಂದಾಗಿ ಬೆಳೆಯಿತು. ಎಂ. ವಿ. ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾವ್ ಅವರ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯೂ ಅದೇ ಕಾಲದ ಪ್ರಮುಖ ಸಂಸ್ಥೆ.

ಈ ಕಂಪನಿಗಳಲ್ಲಿ ಕಲಾವಿದರು ಸಂಸಾರ ಸಮೇತರಾಗಿ ಊರಿಂದೂರಿಗೆ ಸಾಗುತ್ತಿದ್ದರು. ಪ್ರಹ್ಲಾದ, ಲವಕುಶ, ಬಾಲಕೃಷ್ಣ, ಲೋಹಿತಾಶ್ವ ಮೊದಲಾದ ಪಾತ್ರಗಳನ್ನು ಸಾಮಾನ್ಯವಾಗಿ ಕಂಪನಿಯ ಮಕ್ಕಳೇ ವಹಿಸುತ್ತಿದ್ದರು. ಗಂಡುಮಕ್ಕಳ ಪಾತ್ರಗಳನ್ನು ಹೆಣ್ಣುಮಕ್ಕಳು ಮಾಡುವುದೂ ರೂಢಿಯಲ್ಲಿತ್ತು. ಕಂದಪದ್ಯಗಳನ್ನು ಬಾಯಿಪಾಠ ಮಾಡುವುದು, ಶ್ರುತಿಬದ್ಧವಾಗಿ ಹಾಡುವುದು, ಅಬ್ಬರಿಸುವ ಹಿರಣ್ಯಕಶಿಪುವಿನ ಎದುರು ಅಳುಕದೆ ನಿಲ್ಲುವುದು ಪ್ರಹ್ಲಾದನ ಪಾತ್ರಕ್ಕೆ ಬೇಕಾಗಿದ್ದ ಕನಿಷ್ಠ ಸಿದ್ಧತೆ. ಮಗುವಿಗೆ ಈ ಪಾಠ ಹೇಳಿಕೊಡುತ್ತಿದ್ದವರು ಮನೆಯ ಹಿರಿಯ ನಟರೇ. ಗುಬ್ಬಿ ವೀರಣ್ಣನವರ ಮೊಮ್ಮಗಳು, 2013ರಲ್ಲಿ ಪದ್ಮಶ್ರೀ ಪಡೆದ ರಂಗಕರ್ಮಿ ಬಿ. ಜಯಶ್ರೀ ಅವರೂ ಇಂತಹ ವಾತಾವರಣದಲ್ಲಿಯೇ ಬಾಲ್ಯದಲ್ಲಿ ರಂಗವೇರಿದವರು.

ಭಾರತೀಯ ವಾಕ್ಚಿತ್ರಗಳು ಆರಂಭವಾದಾಗ ನಿರ್ಮಾಪಕರು ಜನರಿಗೆ ಆಗಲೇ ಪರಿಚಿತವಾಗಿದ್ದ ಈ ನಾಟಕಗಳತ್ತ ತಿರುಗಿದರು. ತೆಲುಗಿನ ಮೊದಲ ವಾಕ್ಚಿತ್ರವೆಂದು ಪರಿಗಣಿಸಲಾಗುವ, ಎಚ್. ಎಂ. ರೆಡ್ಡಿ ನಿರ್ದೇಶನದ 'ಭಕ್ತ ಪ್ರಹ್ಲಾದ' 1932ರಲ್ಲಿ ತೆರೆಕಂಡಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂದಿತು. ಅದರಲ್ಲಿ ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿಯೂ ನಾಗೇಂದ್ರರಾವ್ ರಾವಣನಾಗಿಯೂ ಅಭಿನಯಿಸಿದ್ದರು. ಕನ್ನಡದಲ್ಲಿ ಪ್ರಹ್ಲಾದನ ಕಥೆಯು 1942, 1958 ಮತ್ತು 1983ರಲ್ಲಿ ಚಲನಚಿತ್ರವಾಯಿತು.

## ರಾಜಕುಮಾರ್ (1942)

ಮುತ್ತುರಾಜ್ ಎಂಬ ಮೂಲ ಹೆಸರಿನ ರಾಜಕುಮಾರ್ (24 ಏಪ್ರಿಲ್ 1929 – 12 ಏಪ್ರಿಲ್ 2006) ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರಾಗಿದ್ದರು. ಕಂಸ, ರಾವಣ, ಹಿರಣ್ಯಕಶಿಪುವಿನಂತಹ ಅಬ್ಬರದ ಪಾತ್ರಗಳಿಗೆ ಅವರು ಹೆಸರಾಗಿದ್ದರು. ಮುತ್ತುರಾಜ್ ತಂದೆಯೊಂದಿಗೆ ಕಂಪನಿಯಲ್ಲಿಯೇ ಬೆಳೆದರು. 1942ರ 'ಭಕ್ತ ಪ್ರಹ್ಲಾದ' ಚಿತ್ರದಲ್ಲಿ ಅವರು ಒಂದು ಕಿರುಪಾತ್ರದಲ್ಲಿ ಕಾಣಿಸಿಕೊಂಡರು. ಆಗ ಅವರಿಗೆ ಸುಮಾರು ಹದಿಮೂರು ವರ್ಷ.

ಈ ಚಿತ್ರದಿಂದ ಅವರಿಗೆ ಸಿನಿಮಾ ಬಾಗಿಲು ತೆರೆಯಲಿಲ್ಲ. ಮುಂದಿನ ಹನ್ನೆರಡು ವರ್ಷಗಳ ಕಾಲ ಅವರ ಜೀವನವು ಬಹುಪಾಲು ನಾಟಕ ಕಂಪನಿಗಳಲ್ಲಿಯೇ ಸಾಗಿತು. ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲಿಯೂ ಅವರು ದುಡಿದರು. ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ನಿರ್ಮಿಸಿ ಎಚ್. ಎಲ್. ಎನ್. ಸಿಂಹ ನಿರ್ದೇಶಿಸಿದ 'ಬೇಡರ ಕಣ್ಣಪ್ಪ' (1954) ಚಿತ್ರದಲ್ಲಿ ನಾಯಕರಾದ ಬಳಿಕ ಅವರು ರಾಜಕುಮಾರ್ ಎಂದು ಪ್ರಸಿದ್ಧರಾದರು. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದ ಅವರಿಗೆ 1983ರಲ್ಲಿ ಪದ್ಮಭೂಷಣ, 1992ರಲ್ಲಿ ಕರ್ನಾಟಕ ರತ್ನ ಹಾಗೂ 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದವು. 1966ರ 'ಮಂತ್ರಾಲಯ ಮಹಾತ್ಮೆ' ಚಿತ್ರದಲ್ಲಿ ಅವರು ಪ್ರಹ್ಲಾದನ ಅವತಾರವೆಂದು ಭಕ್ತರು ನಂಬುವ ರಾಘವೇಂದ್ರ ಸ್ವಾಮಿಗಳ ಪಾತ್ರ ವಹಿಸಿದರು.

## ಲೋಕೇಶ್ (1958)

ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್ (19 ಮೇ 1947 – 14 ಅಕ್ಟೋಬರ್ 2004) 1958ರ 'ಭಕ್ತ ಪ್ರಹ್ಲಾದ' ಚಿತ್ರದ ಮೂಲಕ ಬಾಲನಟರಾಗಿ ಚಿತ್ರರಂಗ ಪ್ರವೇಶಿಸಿದರು. ಪುರಾಣದ ಚಿತ್ರದಿಂದ ಬಂದರೂ ಅವರಿಗೆ ಹೆಸರು ತಂದದ್ದು ಮಣ್ಣಿನ ಸೊಗಡಿನ ಸಾಮಾಜಿಕ ಚಿತ್ರಗಳು. ಗಿರೀಶ್ ಕಾರ್ನಾಡ್ ನಿರ್ದೇಶನದ 'ಕಾಡು' (1973), ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಕಥೆಯನ್ನು ಆಧರಿಸಿ ಸಿದ್ಧಲಿಂಗಯ್ಯ ನಿರ್ದೇಶಿಸಿದ 'ಭೂತಯ್ಯನ ಮಗ ಅಯ್ಯು' (1974), ಮಾಸ್ತಿಯವರ ನಾಟಕವನ್ನು ಆಧರಿಸಿ ಸಿ. ಆರ್. ಸಿಂಹ ನಿರ್ದೇಶಿಸಿದ 'ಕಾಕನಕೋಟೆ' (1977) ಇವುಗಳಲ್ಲಿ ಮುಖ್ಯವಾದವು.

'ಭೂತಯ್ಯನ ಮಗ ಅಯ್ಯು' ಚಿತ್ರದಲ್ಲಿ ಅವರದು ಊರನ್ನೇ ಪೀಡಿಸಿದ ಜಿಪುಣ ಶ್ರೀಮಂತನ ಮಗನ ಪಾತ್ರ. ತಂದೆಯ ಕೆಟ್ಟ ಹೆಸರಿನ ಭಾರವನ್ನು ಹೊತ್ತು, ಕೊನೆಗೆ ಅದರಿಂದ ಬಿಡಿಸಿಕೊಳ್ಳುವ ಮಗನ ಕಥೆಯಿದು. ತಂದೆ ಮಗನ ಸಂಘರ್ಷದ ಚಿತ್ರದಿಂದ ಆರಂಭಿಸಿದ ನಟನ ಅತ್ಯುತ್ತಮ ಪಾತ್ರಗಳಲ್ಲಿ ಒಂದು ಹೀಗೆ ಮತ್ತೆ ತಂದೆ ಮಗನ ಕಥೆಯೇ ಆಯಿತು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯಿಂದ ರೂಪುಗೊಂಡ 'ಪರಸಂಗದ ಗೆಂಡೆತಿಮ್ಮ' (1978) ಮತ್ತು ಆರ್. ಕೆ. ನಾರಾಯಣ್ ಅವರ ಕಾದಂಬರಿಯನ್ನು ಆಧರಿಸಿ ಟಿ. ಎಸ್. ನಾಗಾಭರಣ ನಿರ್ದೇಶಿಸಿದ 'ಬ್ಯಾಂಕರ್ ಮಾರ್ಗಯ್ಯ' (1983) ಅವರ ಇನ್ನೆರಡು ಹೆಸರಾಂತ ಚಿತ್ರಗಳು. ಶ್ರೇಷ್ಠ ನಟ ರಾಜ್ಯ ಪ್ರಶಸ್ತಿಯು ಅವರಿಗೆ ಒಂದಕ್ಕಿಂತ ಹೆಚ್ಚು ಬಾರಿ ದೊರೆಯಿತು. ಆಲನಹಳ್ಳಿಯವರದೇ ಇನ್ನೊಂದು ಕಾದಂಬರಿಯನ್ನು ಆಧರಿಸಿದ 'ಭುಜಂಗಯ್ಯನ ದಶಾವತಾರ' ಚಿತ್ರವನ್ನು ಅವರೇ ನಿರ್ದೇಶಿಸಿ ಅಭಿನಯಿಸಿದರು. ಪತ್ನಿ ಗಿರಿಜಾ ಲೋಕೇಶ್, ಮಕ್ಕಳಾದ ಸೃಜನ್ ಮತ್ತು ಪೂಜಾ ಕೂಡ ಕಲಾವಿದರಾದುದರಿಂದ ಈ ಕುಟುಂಬದ ರಂಗಪರಂಪರೆ ಮೂರು ತಲೆಮಾರುಗಳಿಗೆ ವಿಸ್ತರಿಸಿದೆ.

## ರೋಜಾರಮಣಿ (1967)

ಚಿತ್ರಪು ನಾರಾಯಣಮೂರ್ತಿ ನಿರ್ದೇಶನದಲ್ಲಿ ಎವಿಎಂ ಸಂಸ್ಥೆಯು ತೆಲುಗಿನಲ್ಲಿ ನಿರ್ಮಿಸಿದ 'ಭಕ್ತ ಪ್ರಹ್ಲಾದ' 1967ರಲ್ಲಿ ತೆರೆಕಂಡಿತು. ಎಸ್. ವಿ. ರಂಗಾರಾವ್ ಹಿರಣ್ಯಕಶಿಪುವಾಗಿಯೂ ಅಂಜಲಿದೇವಿ ಪ್ರಹ್ಲಾದನ ತಾಯಿಯಾಗಿಯೂ ಸಂಗೀತಗಾರ ಎಂ. ಬಾಲಮುರಳಿಕೃಷ್ಣ ನಾರದನಾಗಿಯೂ ಅಭಿನಯಿಸಿದರು. ಕಥೆಯ ಕೇಂದ್ರವಾದ ಬಾಲಕನ ಪಾತ್ರವನ್ನು ನಿರ್ವಹಿಸಿದವಳು ಒಬ್ಬ ಬಾಲಕಿ. 1959ರಲ್ಲಿ ಜನಿಸಿದ ರೋಜಾರಮಣಿಗೆ ಆಗ ಏಳರ ಆಸುಪಾಸಿನ ವಯಸ್ಸು. ತೆರೆಯ ಮೇಲೆ ಪ್ರಹ್ಲಾದನ ಹಾಡುಗಳಿಗೆ ಧ್ವನಿ ನೀಡಿದವರು ಪಿ. ಸುಶೀಲಾ. ಹೆಣ್ಣುಮಗುವಿನ ಮುಖ ಮತ್ತು ಹೆಣ್ಣಿನ ಕಂಠದಲ್ಲಿ ಮೂಡಿದ ಈ ಪ್ರಹ್ಲಾದನು ತೆಲುಗುನಾಡಿನಲ್ಲಿ ಆ ಪಾತ್ರದ ಮಾದರಿಯಾಗಿ ಉಳಿದನು. ಆಂಧ್ರದ ಗಡಿಗೆ ಅಂಟಿಕೊಂಡು ಎರಡೂ ಭಾಷೆಗಳಲ್ಲಿ ವ್ಯವಹರಿಸುವ ಪಾವಗಡದಂತಹ ತಾಲೂಕುಗಳ ಜನರಿಗೆ ತೆಲುಗು ಪೌರಾಣಿಕ ಚಿತ್ರಗಳು ಕನ್ನಡದವುಗಳಷ್ಟೇ ಪರಿಚಿತ.

ರೋಜಾರಮಣಿ ನಾಯಕಿಯಾಗಿ ಹೆಸರು ಮಾಡಿದ್ದು ಮಲಯಾಳಂನಲ್ಲಿ. ಪಿ. ಎನ್. ಮೆನನ್ ನಿರ್ದೇಶನದ 'ಚೆಂಬರತ್ತಿ' (1972) ಚಿತ್ರದಲ್ಲಿ ಅವರು ಶೋಭನಾ ಎಂಬ ಹೆಸರಿನಲ್ಲಿ ಕಾಣಿಸಿಕೊಂಡರು. ಭಾಷೆಯೂ ಹೆಸರೂ ಬದಲಾದುದರಿಂದ, ಹಳೆಯ ಪಾತ್ರದ ನೆರಳಿಲ್ಲದ ಹೊಸ ಆರಂಭ ಅವರಿಗೆ ದೊರೆತಂತಾಯಿತು. ಬಳಿಕ ಅವರು ದಕ್ಷಿಣದ ಭಾಷೆಗಳಲ್ಲಿಯೂ ಒಡಿಯಾದಲ್ಲಿಯೂ ಅಭಿನಯಿಸಿದರು. ಒಡಿಯಾ ನಟ ಚಕ್ರಪಾಣಿ ಅವರನ್ನು ವಿವಾಹವಾದರು.

ಅಭಿನಯದಿಂದ ಹಿಂದೆ ಸರಿದ ಮೇಲೆ ಅವರು ಕಂಠದಾನ ಕಲಾವಿದೆಯಾಗಿ ಎರಡನೆಯ ವೃತ್ತಿಜೀವನ ಕಟ್ಟಿಕೊಂಡರು. ಬೇರೆ ಭಾಷೆಗಳಿಂದ ಬಂದ ಅನೇಕ ನಾಯಕಿಯರು ತೆಲುಗು ಚಿತ್ರಗಳಲ್ಲಿ ಮಾತನಾಡಿದ್ದು ರೋಜಾರಮಣಿಯವರ ಧ್ವನಿಯಲ್ಲಿ. ಬಾಲ್ಯದಲ್ಲಿ ಇನ್ನೊಬ್ಬರ ಕಂಠಕ್ಕೆ ತುಟಿಯಾಡಿಸಿದ್ದ ಕಲಾವಿದೆ ಮುಂದೆ ಇತರರ ಮುಖಗಳಿಗೆ ತಾವೇ ಕಂಠವಾದರು. ಅವರ ಮಗ ತರುಣ್ ಮಣಿರತ್ನಂ ನಿರ್ದೇಶನದ 'ಅಂಜಲಿ' (1990) ಚಿತ್ರಕ್ಕಾಗಿ ಶ್ಯಾಮಿಲಿ ಮತ್ತು ಶ್ರುತಿ ಅವರೊಂದಿಗೆ ಶ್ರೇಷ್ಠ ಬಾಲಕಲಾವಿದ ರಾಷ್ಟ್ರಪ್ರಶಸ್ತಿ ಹಂಚಿಕೊಂಡರು. ಮುಂದೆ 'ನುವ್ವೇ ಕಾವಾಲಿ' (2000) ಚಿತ್ರದ ಮೂಲಕ ನಾಯಕನಟರಾದರು.

## ಪುನೀತ್ ರಾಜಕುಮಾರ್ (1983)

ವಿಜಯ್ ನಿರ್ದೇಶನದ 1983ರ 'ಭಕ್ತ ಪ್ರಹ್ಲಾದ' ಕನ್ನಡಿಗರ ನೆನಪಿನಲ್ಲಿ ಅತ್ಯಂತ ಗಟ್ಟಿಯಾಗಿ ಉಳಿದಿರುವ ಪ್ರಹ್ಲಾದ ಚಿತ್ರ. ನಾಲ್ಕು ದಶಕಗಳ ಹಿಂದೆ ಇದೇ ಹೆಸರಿನ ಚಿತ್ರದಲ್ಲಿ ಕಿರುಪಾತ್ರ ಮಾಡಿದ್ದ ರಾಜಕುಮಾರ್ ಇಲ್ಲಿ ಹಿರಣ್ಯಕಶಿಪುವಾದರು. ಅದು ಅವರ ತಂದೆ ರಂಗದ ಮೇಲೆ ಮೆರೆಸಿದ್ದ ಪಾತ್ರವೂ ಹೌದು. ಅವರ ಕಿರಿಯ ಮಗ ಪುನೀತ್ (17 ಮಾರ್ಚ್ 1975 – 29 ಅಕ್ಟೋಬರ್ 2021) ಪ್ರಹ್ಲಾದನಾದರು. ಸರಿತಾ ಕಯಾಧುವಾಗಿಯೂ ಅನಂತನಾಗ್ ನಾರದರಾಗಿಯೂ ಅಭಿನಯಿಸಿದರು. ನಿಜಜೀವನದ ತಂದೆ ಮಗನೇ ತೆರೆಯ ಮೇಲೆ ಎದುರುಬದುರಾದುದು ಚಿತ್ರದ ಮುಖ್ಯ ಆಕರ್ಷಣೆಯಾಯಿತು.

ಬಾಲ್ಯದಲ್ಲಿ ಲೋಹಿತ್ ಎಂಬ ಹೆಸರಿದ್ದ ಪುನೀತ್ ಕೈಗೂಸಾಗಿದ್ದಾಗಲೇ 'ಪ್ರೇಮದ ಕಾಣಿಕೆ' (1976) ಚಿತ್ರದಲ್ಲಿ ತೆರೆಯ ಮೇಲೆ ಬಂದಿದ್ದರು. 'ವಸಂತ ಗೀತ' (1980), 'ಭಾಗ್ಯವಂತ' (1981), 'ಚಲಿಸುವ ಮೋಡಗಳು' (1982) ಮತ್ತು 'ಎರಡು ನಕ್ಷತ್ರಗಳು' (1983) ಅವರ ಬಾಲ್ಯದ ಪ್ರಮುಖ ಚಿತ್ರಗಳು. ಕೊನೆಯ ಎರಡಕ್ಕೆ ಶ್ರೇಷ್ಠ ಬಾಲನಟ ರಾಜ್ಯ ಪ್ರಶಸ್ತಿ ದೊರೆಯಿತು. 'ಭಾಗ್ಯವಂತ' ಚಿತ್ರದಲ್ಲಿ ಅವರು ತಮ್ಮ ಹಾಡನ್ನು ತಾವೇ ಹಾಡಿದರು. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ 'ಬೆಟ್ಟದ ಹೂವು' (1985) ಚಿತ್ರದ ಅಭಿನಯಕ್ಕೆ ಶ್ರೇಷ್ಠ ಬಾಲಕಲಾವಿದ ರಾಷ್ಟ್ರಪ್ರಶಸ್ತಿ ಸಂದಿತು. ಓದಿನ ಹಂಬಲವಿರುವ ಬಡ ಬಾಲಕನ ಆ ಪಾತ್ರದಲ್ಲಿ ಕಿರೀಟವಾಗಲಿ ಪವಾಡವಾಗಲಿ ಇರಲಿಲ್ಲ. ಪ್ರಹ್ಲಾದನ ವೇಷ ಕಳಚಿದ ಮೇಲೂ ಈ ಹುಡುಗ ನಟನೇ ಎಂಬುದು ಅದರಿಂದ ಸ್ಥಿರಪಟ್ಟಿತು. 1988ರ 'ಶಿವ ಮೆಚ್ಚಿದ ಕಣ್ಣಪ್ಪ' ಚಿತ್ರದಲ್ಲಿ ಅಣ್ಣ ಶಿವರಾಜಕುಮಾರ್ ಕಣ್ಣಪ್ಪನಾದರೆ, ಬಾಲ ಕಣ್ಣಪ್ಪನ ಪಾತ್ರ ಪುನೀತ್ ಅವರದಾಗಿತ್ತು.

'ಪರಶುರಾಮ್' (1989) ಬಳಿಕ ಅವರು ಸುಮಾರು ಹದಿಮೂರು ವರ್ಷ ತೆರೆಯಿಂದ ದೂರವಿದ್ದರು. ಪುರಿ ಜಗನ್ನಾಥ್ ನಿರ್ದೇಶನದ 'ಅಪ್ಪು' (2002) ಚಿತ್ರದಲ್ಲಿ ನಾಯಕರಾಗಿ ಮರಳಿದಾಗ, ಮನೆಯವರು ಕರೆಯುತ್ತಿದ್ದ ಹೆಸರೇ ಚಿತ್ರದ ಶೀರ್ಷಿಕೆಯಾಗಿತ್ತು. 'ಅಭಿ' (2003), 'ಅರಸು' (2007), 'ಮಿಲನ' (2007), 'ಜಾಕಿ' (2010), 'ಹುಡುಗರು' (2011), 'ರಾಜಕುಮಾರ' (2017) ಅವರ ಜನಪ್ರಿಯ ಚಿತ್ರಗಳು. 'ಮಿಲನ' ಮತ್ತು 'ಜಾಕಿ' ಚಿತ್ರಗಳಿಗೆ ಶ್ರೇಷ್ಠ ನಟ ರಾಜ್ಯ ಪ್ರಶಸ್ತಿ ಲಭಿಸಿತು. 2012ರಲ್ಲಿ ಆರಂಭವಾದ 'ಕನ್ನಡದ ಕೋಟ್ಯಧಿಪತಿ' ಕಾರ್ಯಕ್ರಮದ ನಿರೂಪಕರಾಗಿ ಮನೆಮನೆಗೂ ತಲುಪಿದರು. ಪಿಆರ್‌ಕೆ ಪ್ರೊಡಕ್ಷನ್ಸ್ ಮೂಲಕ 'ಕವಲುದಾರಿ' (2019) ಮೊದಲಾದ ಚಿತ್ರಗಳನ್ನು ನಿರ್ಮಿಸಿ ಹೊಸ ನಿರ್ದೇಶಕರಿಗೆ ಅವಕಾಶ ನೀಡಿದರು.

ಹೃದಯಾಘಾತದಿಂದ 46ನೇ ವಯಸ್ಸಿನಲ್ಲಿ ನಿಧನರಾದ ಪುನೀತ್ ಅವರ ಕಣ್ಣುಗಳನ್ನು ತಂದೆಯವರ ಕಣ್ಣುಗಳಂತೆಯೇ ದಾನ ಮಾಡಲಾಯಿತು. ಅದರಿಂದ ನಾಲ್ವರಿಗೆ ದೃಷ್ಟಿ ದೊರೆಯಿತು. ಬೆಂಗಳೂರಿನ ಕಂಠೀರವ ಸ್ಟುಡಿಯೋದಲ್ಲಿ ರಾಜಕುಮಾರ್ ಅವರ ಸಮಾಧಿಯ ಆವರಣದಲ್ಲಿಯೇ ಅವರ ಸಮಾಧಿಯೂ ಇದೆ. ಕರ್ನಾಟಕದ ವನ್ಯಲೋಕವನ್ನು ಕುರಿತ 'ಗಂಧದ ಗುಡಿ' ಸಾಕ್ಷ್ಯಚಿತ್ರವು 2022ರ ಅಕ್ಟೋಬರ್‌ನಲ್ಲಿ ತೆರೆಕಂಡಿತು. ಅದೇ ವರ್ಷ ನವೆಂಬರ್ 1ರಂದು ರಾಜ್ಯ ಸರ್ಕಾರವು ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಪ್ರಶಸ್ತಿ ಪ್ರದಾನ ಮಾಡಿತು.

## ನಂತರದ ವೃತ್ತಿಜೀವನಗಳ ಹೋಲಿಕೆ

ನಾಲ್ವರ ವೃತ್ತಿಜೀವನದಲ್ಲಿ ಕೆಲವು ಸಮಾನ ಅಂಶಗಳು ಕಂಡುಬರುತ್ತವೆ.

* ಕುಟುಂಬದ ಆಸರೆ: ರಾಜಕುಮಾರ್, ಲೋಕೇಶ್ ಮತ್ತು ಪುನೀತ್ ಮೂವರೂ ನಟರ ಮಕ್ಕಳು. ಅಭಿನಯವು ಅವರಿಗೆ ಮನೆಯ ಕಸುಬಾಗಿತ್ತು. ಒಂದು ಚಿತ್ರ ಮುಗಿದರೂ ಕಲಿಕೆ ನಿಲ್ಲಲಿಲ್ಲ.
* ನಡುವಿನ ಬಿಡುವು: ರಾಜಕುಮಾರ್ ಅವರಿಗೆ ಹನ್ನೆರಡು, ಪುನೀತ್ ಅವರಿಗೆ ಹದಿಮೂರು ವರ್ಷಗಳ ಅಂತರ ದೊರೆಯಿತು. ಲೋಕೇಶ್ ಅವರ ಮೊದಲ ಚಿತ್ರಕ್ಕೂ 'ಕಾಡು' ಚಿತ್ರಕ್ಕೂ ನಡುವೆ ಹದಿನೈದು ವರ್ಷಗಳಿವೆ. ಬಾಲಕನ ಮುಖವನ್ನು ಪ್ರೇಕ್ಷಕರು ಬದಿಗಿಟ್ಟು ಹೊಸ ನಟನನ್ನು ಕಾಣಲು ಈ ಕಾಲಾವಕಾಶ ನೆರವಾಯಿತು.
* ಪಾತ್ರದ ಸ್ವರೂಪದ ಬದಲಾವಣೆ: ಲೋಕೇಶ್ ಗ್ರಾಮೀಣ ಕಥೆಗಳಿಗೆ, ರೋಜಾರಮಣಿ ಬೇರೆ ಭಾಷೆಗೆ ಮತ್ತು ಬಳಿಕ ಕಂಠದಾನಕ್ಕೆ, ಪುನೀತ್ ನಗರದ ಯುವಕನ ಪಾತ್ರಗಳಿಗೆ ಹೊರಳಿದರು. ಪೌರಾಣಿಕ ಪಾತ್ರಗಳನ್ನು ಬಿಡದೆ ಉದ್ದಕ್ಕೂ ಮುಂದುವರಿಸಿದವರು ರಾಜಕುಮಾರ್ ಮಾತ್ರ.

ರೋಜಾರಮಣಿಯವರ ಸ್ಥಿತಿ ಉಳಿದ ಮೂವರಿಗಿಂತ ಭಿನ್ನ. ಗಂಡುಮಕ್ಕಳಿಗೆ ದೊರೆತಂತಹ ದೀರ್ಘ ಬಿಡುವು ಅವರಿಗೆ ಸಿಗಲಿಲ್ಲ. ಪ್ರಹ್ಲಾದನಾದ ಐದೇ ವರ್ಷಗಳಲ್ಲಿ, ಹದಿಹರೆಯದ ಆರಂಭದಲ್ಲಿಯೇ ಅವರು ನಾಯಕಿಯಾದರು. ನಾಯಕನಟರು ನಡುವಯಸ್ಸಿನಲ್ಲಿಯೂ ನಾಯಕರಾಗಿ ಮುಂದುವರಿದ ಕಾಲದಲ್ಲಿ ಅವರ ವೃತ್ತಿ ತೆರೆಯ ಹಿಂದಕ್ಕೆ ಸರಿಯಿತು. ಬಾಲನಟ ಮತ್ತು ಬಾಲನಟಿಯರ ಮುಂದಿನ ಹಾದಿಗಳ ನಡುವೆ ಚಿತ್ರರಂಗದಲ್ಲಿದ್ದ ವ್ಯತ್ಯಾಸಕ್ಕೆ ಇದೊಂದು ನಿದರ್ಶನ.

## ಬಾಲಕಲಾವಿದರಿಗೆ ಕಾನೂನಿನ ರಕ್ಷಣೆ

ಮೇಲಿನ ನಾಲ್ವರೂ ಅಭಿನಯಿಸಿದ ಕಾಲದಲ್ಲಿ ಬಾಲಕಲಾವಿದರ ದುಡಿಮೆಗೆ ಪ್ರತ್ಯೇಕ ನಿಯಮಗಳಿರಲಿಲ್ಲ. ಅವರ ಓದು, ವಿಶ್ರಾಂತಿ, ಸಂಭಾವನೆ ಎಲ್ಲವೂ ಹಿರಿಯರ ವಿವೇಚನೆಗೆ ಬಿಟ್ಟ ವಿಷಯಗಳಾಗಿದ್ದವು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಶಾಲೆಯ ಓದಿಗೆ ತೊಡಕಾಗದಂತೆ ಕಲಾವಿದರಾಗಿ ಕೆಲಸ ಮಾಡಲು ಷರತ್ತುಬದ್ಧ ವಿನಾಯಿತಿ ನೀಡಿತು. 2017ರ ನಿಯಮಗಳ ಪ್ರಕಾರ:

* ಚಿತ್ರೀಕರಣ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು.
* ಮಗು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಯಬಾರದು.
* ಸತತವಾಗಿ 27 ದಿನಗಳಿಗಿಂತ ಹೆಚ್ಚು ಕೆಲಸ ಮಾಡಿಸಬಾರದು.
* ಗರಿಷ್ಠ 5 ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯುತ ವ್ಯಕ್ತಿಯನ್ನು ನೇಮಿಸಬೇಕು.
* ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಬೇಕು.
* ಮಗುವಿನ ಇಚ್ಛೆಗೆ ವಿರುದ್ಧವಾಗಿ ಅಭಿನಯ ಮಾಡಿಸಬಾರದು.

ಹಿರಿಯರ ಆಜ್ಞೆಗೆ ಇಲ್ಲವೆಂದು ಹೇಳಿದ ಬಾಲಕನ ಕಥೆಯನ್ನು ಅಭಿನಯಿಸಿದ ಮಕ್ಕಳಿಗೆ, ಬೇಡವೆಂದು ಹೇಳುವ ಹಕ್ಕು ಕಾನೂನಿನಲ್ಲಿ ದೊರೆತದ್ದು ಹೀಗೆ ಬಹಳ ತಡವಾಗಿ.

## ಇತ್ತೀಚಿನ ರೂಪ

ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ಆನಿಮೇಷನ್ ಚಿತ್ರ 'ಮಹಾವತಾರ ನರಸಿಂಹ' 2025ರ ಜುಲೈನಲ್ಲಿ ಕನ್ನಡ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಕಂಡಿತು. ಇದರಲ್ಲಿ ಪ್ರಹ್ಲಾದನು ಗಣಕಯಂತ್ರದ ನೆರವಿನಿಂದ ರೂಪಿಸಿದ ಪಾತ್ರ. ಹೀಗಾಗಿ ಪಾತ್ರವು ಮಕ್ಕಳನ್ನು ಮತ್ತೆ ತಲುಪಿದರೂ, ಅದರ ಮುಖವಾಗಿ ನೆನಪಿನಲ್ಲಿ ಉಳಿಯುವ ಬಾಲಕಲಾವಿದರು ಈ ಚಿತ್ರದಲ್ಲಿಲ್ಲ.

## ಇವನ್ನೂ ನೋಡಿ

* ಪ್ರಹ್ಲಾದ
* ನರಸಿಂಹ ಜಯಂತಿ
* ಗುಬ್ಬಿ ವೀರಣ್ಣ
* ದೇವರಾಯನದುರ್ಗ
* ಬೆಟ್ಟದ ಹೂವು